ಕೈಗೆ ಒಗ್ಗುವ ರ‍್ಯಾಚೆಟ್ ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಾಕೆಟ್ ಸೆಟ್ ಜೊತೆ ಬಂದ ರ‍್ಯಾಚೆಟ್ ಅನ್ನೇ ವರ್ಷಗಟ್ಟಲೆ ಬಳಸುವವರು ತುಂಬಾ ಜನ. ರ‍್ಯಾಚೆಟ್ ಅಂದರೆ ಬೋಲ್ಟ್ ತಲೆಗೆ ಟೊಪ್ಪಿಯಂತೆ ಕೂರುವ ಸಾಕೆಟ್ ಸಿಕ್ಕಿಸಿ, ಒಂದು ದಿಕ್ಕಿಗೆ ಮಾತ್ರ ಬಲ ಕೊಡುವ ಹಿಡಿ. ಅದರಲ್ಲೇ ಕೆಲಸವೂ ನಡೆಯುತ್ತದೆ. ಆದರೆ ಬೋಲ್ಟ್ ಬಿಚ್ಚಿ ಹಾಕುವುದೇ ದಿನದ ಕೆಲಸವಾಗಿದ್ದರೆ, ಅಥವಾ ಸ್ವಂತ ಗಾಡಿಯ ರಿಪೇರಿಯನ್ನು ಮನಸ್ಸಿಟ್ಟು ಮಾಡುವವರಾಗಿದ್ದರೆ, ಒಂದು ಒಳ್ಳೆಯ ರ‍್ಯಾಚೆಟ್ ಆರಿಸಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಕೊಡಲೇಬೇಕು. ಹೆಚ್ಚಿನವರು ಅದರೊಳಗಿನ ಚಕ್ರದ ಹಲ್ಲಿನ ಸಂಖ್ಯೆ ನೋಡಿ ಕೊಳ್ಳುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಬೇರೆ ಇದೆ. ಅದನ್ನು ಕೆಳಗೆ ವಿವರವಾಗಿ ಬರೆದಿದ್ದೇನೆ.

ಒಂದೇ ಒಂದು ರ‍್ಯಾಚೆಟ್ ಕೊಳ್ಳುವುದಾದರೆ ಯಾವ ಸೈಜ್?

3/8 ಇಂಚು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಕಾರು, ಬೈಕು, ಪಂಪು, ಜನರೇಟರ್ ಯಾವುದೇ ಇರಲಿ, ನಾವು ಜಾಸ್ತಿ ಮುಟ್ಟುವುದು ಎಂ6, ಎಂ8, ಎಂ10 ಬೋಲ್ಟ್‌ಗಳನ್ನು. ಎಂ6 ಅಂದರೆ ಬೋಲ್ಟ್ ದಪ್ಪ 6 ಮಿ.ಮೀ. ಅಂತ. ಅವುಗಳ ತಲೆಗೆ 10ರಿಂದ 17 ಮಿ.ಮೀ. ಸಾಕೆಟ್ ಬೇಕು. ಆ ಸಾಕೆಟ್‌ಗಳಿಗೆ 3/8 ಸರಿಯಾದ ಜೋಡಿ. ತಲೆ ಸಣ್ಣದು, ತೂಕ ಕಡಿಮೆ, ಬಲವೂ ಸಾಕಷ್ಟು ತಡೆಯುತ್ತದೆ. ಹೊಸಬರು ಅರ್ಧ ಇಂಚಿನದನ್ನು ಕೊಳ್ಳುವುದು ಜಾಸ್ತಿ. ದೊಡ್ಡದಿದ್ದರೆ ಎಲ್ಲದಕ್ಕೂ ಆಗುತ್ತದೆ ಅನ್ನುವ ಲೆಕ್ಕ ಅದು. ಆದರೆ ಎಂ6 ಬೋಲ್ಟ್ ಮೇಲೆ ಅರ್ಧ ಇಂಚಿನ ರ‍್ಯಾಚೆಟ್ ಇಟ್ಟರೆ ಎಷ್ಟು ಬಲ ಹಾಕುತ್ತಿದ್ದೇವೆ ಅನ್ನುವುದು ಕೈಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬೋಲ್ಟ್ ತುಂಡಾಗಿರುತ್ತದೆ.

ಈ 1/4, 3/8, 1/2 ಅಂದರೆ ಯಾವುದರ ಅಳತೆ?

ರ‍್ಯಾಚೆಟ್ ತಲೆಯಿಂದ ಹೊರಗೆ ಬಂದಿರುವ ಚೌಕದ ಅಗಲ. ಸಾಕೆಟ್ ಕೂರುವುದು ಅದರ ಮೇಲೆ. ಇದನ್ನೇ ಡ್ರೈವ್ ಅನ್ನುತ್ತೇವೆ. 1/4 ಅಂದರೆ 6.35 ಮಿ.ಮೀ., 3/8 ಅಂದರೆ ಸುಮಾರು 9.5, 1/2 ಅಂದರೆ 12.7. ಲಾರಿ, ಟ್ರ್ಯಾಕ್ಟರ್, ದೊಡ್ಡ ಯಂತ್ರಗಳಿಗೆ 3/4 ಮತ್ತು 1 ಇಂಚಿನವೂ ಇವೆ. ಬೋಲ್ಟ್ ಮಿಲಿಮೀಟರ್ ಲೆಕ್ಕದ್ದಾದರೂ ಡ್ರೈವ್ ಮಾತ್ರ ಎಲ್ಲ ಕಡೆ ಇಂಚಿನಲ್ಲೇ ಉಳಿದುಕೊಂಡಿದೆ. ಇದರಿಂದ ಒಂದು ಲಾಭವಿದೆ. ಯಾವ ಕಂಪನಿಯ ಸಾಕೆಟ್ ಆದರೂ ಅದೇ ಡ್ರೈವ್‌ನ ಯಾವ ಕಂಪನಿಯ ರ‍್ಯಾಚೆಟ್‌ಗಾದರೂ ಕೂರುತ್ತದೆ. ಹಾಗಾಗಿ ಇಡೀ ಸೆಟ್ ಬದಲಿಸದೆ ರ‍್ಯಾಚೆಟ್ ಒಂದನ್ನೇ ಒಳ್ಳೆಯದು ತಗೊಳ್ಳಬಹುದು.

ಒಂದೇ ಹಿಡಿಗೆ ಬೇರೆ ಬೇರೆ ಸಾಕೆಟ್ ಬದಲಿಸುವ ಪದ್ಧತಿಯನ್ನು ದೊಡ್ಡ ಮಟ್ಟದಲ್ಲಿ ಗ್ಯಾರೇಜ್‌ಗಳಿಗೆ ಮುಟ್ಟಿಸಿದ್ದು ಅಮೆರಿಕದ ಸ್ನ್ಯಾಪ್-ಆನ್ ಕಂಪನಿ. ಜೋಸೆಫ್ ಜಾನ್ಸನ್ 1920ರಲ್ಲಿ ಅದನ್ನು ಶುರು ಮಾಡಿದಾಗ ಇದ್ದದ್ದು 5 ಹಿಡಿ, 10 ಸಾಕೆಟ್. ಐದು ಸೇರಿ ಐವತ್ತರ ಕೆಲಸ ಮಾಡುತ್ತವೆ ಅನ್ನುವುದೇ ಅವರ ಜಾಹೀರಾತು. ಹಿಡಿ ಒಂದು ಕಡೆ, ಸಾಕೆಟ್ ಒಂದು ಕಡೆ ಅಂತ ಬೇರೆ ಮಾಡಿದ್ದರಿಂದಲೇ ಇವತ್ತು ನಾವು ಹಿಡಿಯನ್ನಷ್ಟೇ ಆರಿಸುವ ಮಾತಾಡಲು ಸಾಧ್ಯವಾಗಿರುವುದು.

ತಲೆಯೊಳಗೆ ಏನಿದೆ?

ಒಂದು ಹಲ್ಲಿನ ಚಕ್ರ. ಅದಕ್ಕೆ ಒರಗಿಕೊಂಡ ಒಂದು ಸಣ್ಣ ಉಕ್ಕಿನ ತುಂಡು, ಅದರ ಹೆಸರು ಪಾಲ್. ಪಾಲ್ ಹಿಂದೆ ಒಂದು ಸ್ಪ್ರಿಂಗ್. ಒಂದು ಕಡೆ ತಿರುಗಿಸಿದರೆ ಪಾಲ್ ಹಲ್ಲಿಗೆ ಕಚ್ಚಿಕೊಂಡು ಬಲ ದಾಟಿಸುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ಹಲ್ಲಿನ ಮೇಲೆ ಜಾರಿ ಟಕ ಟಕ ಅನ್ನುತ್ತದೆ. ದಿಕ್ಕು ಬದಲಿಸುವ ಲಿವರ್ ಪಾಲನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ತಳ್ಳುತ್ತದೆ, ಅಷ್ಟೇ. ಒಳ್ಳೆಯದಕ್ಕೂ ಕಳಪೆಯದಕ್ಕೂ ಇರುವ ವ್ಯತ್ಯಾಸವೆಲ್ಲ ಈ ಮೂರು ಭಾಗಗಳ ನಯ, ಗಟ್ಟಿತನ ಮತ್ತು ಹೊಂದಾಣಿಕೆಯಲ್ಲಿದೆ.

ಹಲ್ಲು ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?

ಒಂದು ಮಿತಿಯವರೆಗೆ ಹೌದು. ಲೆಕ್ಕ ಹಾಕಿ ನೋಡೋಣ.

ಒಂದು ಸುತ್ತು ಅಂದರೆ 360 ಡಿಗ್ರಿ. 36 ಹಲ್ಲಿದ್ದರೆ ಒಂದು ಹಲ್ಲು ದಾಟಲು 10 ಡಿಗ್ರಿ ತಿರುಗಿಸಬೇಕು. 72 ಹಲ್ಲಿದ್ದರೆ 5 ಡಿಗ್ರಿ. 90ಕ್ಕೆ 4, 120ಕ್ಕೆ 3. ಡಿಗ್ರಿಯಲ್ಲಿ ಹೇಳಿದರೆ ಇದು ಕಣ್ಣಿಗೆ ಕಟ್ಟುವುದಿಲ್ಲ, ಹಿಡಿಯ ತುದಿಯಲ್ಲಿ ನೋಡಬೇಕು. 20 ಸೆಂ.ಮೀ. ಉದ್ದದ ಹಿಡಿಯ ತುದಿ 36 ಹಲ್ಲಿನದರಲ್ಲಿ ಸುಮಾರು 35 ಮಿ.ಮೀ. ಆಡಬೇಕು. 72ರಲ್ಲಿ 17. 90ರಲ್ಲಿ 14. 120ರಲ್ಲಿ 10 ಚಿಲ್ಲರೆ.

36ರಿಂದ 72ಕ್ಕೆ ಹೋದಾಗ 17 ಮಿ.ಮೀ. ಜಾಗ ಉಳಿಯಿತು. ಇಕ್ಕಟ್ಟಿನಲ್ಲಿ ಇದು ದೊಡ್ಡ ಲಾಭ. ಕೈಯೇ ಆಡದ ಕಡೆ ಕೆಲಸ ಆಗುವಂತೆ ಮಾಡುತ್ತದೆ. ಆದರೆ 72ರಿಂದ 120ಕ್ಕೆ ಹೋದಾಗ ಉಳಿದದ್ದು 7 ಮಿ.ಮೀ. ಮಾತ್ರ. ಆ 7 ಮಿ.ಮೀ. ನಿಜವಾಗಿ ಬೇಕಾಗುವ ಜಾಗ ಇದ್ದೇ ಇರುತ್ತದೆ, ಆದರೆ ಅಪರೂಪ.

ಇನ್ನೊಂದು ವಿಷಯವನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಸಾಕೆಟ್ ಮತ್ತು ಬೋಲ್ಟ್ ತಲೆಯ ನಡುವೆ ಸ್ವಲ್ಪ ಆಟ, ಅಂದರೆ ಸಡಿಲ, ಇರುತ್ತದೆ. ಚೌಕ ಮತ್ತು ಸಾಕೆಟ್ ನಡುವೆ ಸ್ವಲ್ಪ. ಮಧ್ಯೆ ಉದ್ದ ಹೆಚ್ಚಿಸುವ ಕಂಬಿ, ಅಂದರೆ ಎಕ್ಸ್‌ಟೆನ್ಷನ್ ಹಾಕಿದರೆ ಅಲ್ಲಿ ಇನ್ನೊಂದಿಷ್ಟು. ಓರೆಯಾಗಿ ತಿರುಗಿಸಲು ಬಿಡುವ ಯೂನಿವರ್ಸಲ್ ಜಾಯಿಂಟ್ ಸೇರಿಸಿದರೆ ಮತ್ತೂ ಒಂದಿಷ್ಟು. ಇದೆಲ್ಲ ಸೇರಿ ಕೆಲವು ಡಿಗ್ರಿ ಸುಮ್ನೆ ಹೋಗುತ್ತದೆ. ಅಂದರೆ 3 ಡಿಗ್ರಿಯ ರ‍್ಯಾಚೆಟ್ ತಂದು ಎರಡು ಎಕ್ಸ್‌ಟೆನ್ಷನ್ ಜೋಡಿಸಿದರೆ 3 ಡಿಗ್ರಿಯಲ್ಲಿ ಬೋಲ್ಟ್ ತಿರುಗುವುದಿಲ್ಲ. ಸವೆದ ಸಾಕೆಟ್ ಇದ್ದರಂತೂ ಕೇಳುವುದೇ ಬೇಡ. ಹಲ್ಲಿನ ಲೆಕ್ಕಕ್ಕೆ ದುಡ್ಡು ಹಾಕುವ ಮುಂಚೆ ಸಾಕೆಟ್‌ಗಳು ಬಿಗಿಯಾಗಿ ಕೂರುತ್ತವಾ ಅಂತ ನೋಡಿಕೊಳ್ಳಿ.

ನನ್ನ ಸಲಹೆ: 72ರಿಂದ 90ರ ನಡುವೆ ಯಾವುದಾದರೂ ಸರಿ. ಅದಕ್ಕಿಂತ ಮೇಲೆ ಹೋಗಲು ಸಂಖ್ಯೆಯೊಂದೇ ಕಾರಣವಾಗಬಾರದು.

ಸಣ್ಣ ಹಲ್ಲು ಬೇಗ ಮುರಿಯುವುದಿಲ್ವಾ?

ಈ ಭಯ ಹಳೆಯದು. ಒಂದೇ ಪಾಲ್, ಅದರಲ್ಲಿ ಎರಡೋ ಮೂರೋ ಹಲ್ಲು ಮಾತ್ರ ಕಚ್ಚುತ್ತಿದ್ದ ಕಾಲದಲ್ಲಿ ಅದರಲ್ಲಿ ಅರ್ಥವೂ ಇತ್ತು. ಈಗಿನ ಒಳ್ಳೆಯ ರ‍್ಯಾಚೆಟ್‌ಗಳಲ್ಲಿ ಪಾಲ್ ಬಾಗಿದ ಆಕಾರದಲ್ಲಿರುತ್ತದೆ. ಚಕ್ರದ ದುಂಡಿಗೆ ಸರಿಯಾಗಿ ಹೊಂದಿಕೊಂಡು ಒಂದೇ ಸಲಕ್ಕೆ ಹಲವು ಹಲ್ಲುಗಳನ್ನು ಹಿಡಿಯುತ್ತದೆ. ಹಲ್ಲು ಸಣ್ಣದಾದರೂ ಬಲ ಹಂಚಿಹೋಗುತ್ತದೆ.

ಇನ್ನೊಂದು ದಾರಿ ಎರಡು ಪಾಲ್ ಇಡುವುದು. ಗೇರ್‌ರೆಂಚ್ ಕಂಪನಿಯ 120 ಸ್ಥಾನದ, ಅಂದರೆ ಒಂದು ಸುತ್ತಿನಲ್ಲಿ 120 ಕಡೆ ಕಚ್ಚುವ ರ‍್ಯಾಚೆಟ್‌ನಲ್ಲಿ ಚಕ್ರಕ್ಕೆ ಇರುವುದು 60 ಹಲ್ಲು. ಒಂದರ ಮೇಲೊಂದು ಕೂತ ಎರಡು ಪಾಲ್‌ಗಳು ಅರ್ಧ ಹಲ್ಲಿನಷ್ಟು ಹಿಂದೆ ಮುಂದೆ ಇರುತ್ತವೆ. ಸರದಿಯಲ್ಲಿ ಒಂದೊಂದೇ ಕಚ್ಚುತ್ತದೆ. ಹಾಗಾಗಿ ಹಲ್ಲು ದಪ್ಪವೇ ಉಳಿಯುತ್ತದೆ, ತಿರುಗುವ ಕೋನ ಮಾತ್ರ ಅರ್ಧಕ್ಕೆ ಇಳಿಯುತ್ತದೆ. ತುಂಬಾ ಜಾಣತನದ ಕೆಲಸ ಇದು. ಆದರೆ ಇಲ್ಲಿ ಒಂದು ಸಲಕ್ಕೆ ಬಲ ಹೊರುವುದು ಒಂದೇ ಪಾಲ್ ಅನ್ನುವುದು ನೆನಪಿರಲಿ.

ರ‍್ಯಾಚೆಟ್ ಮುರಿಯುವುದು ಹಲ್ಲು ಸಣ್ಣದಾದ್ದರಿಂದ ಅಲ್ಲ. ಹೆಚ್ಚಾಗಿ ಕೊಳೆಯಿಂದ, ಇಲ್ಲವೇ ಪೈಪ್ ಸಿಕ್ಕಿಸಿ ಜಗ್ಗುವುದರಿಂದ. ಎರಡರ ಬಗ್ಗೆಯೂ ಮುಂದೆ ಇದೆ.

ಹಾಗಾದರೆ ಹಲ್ಲಿಗಿಂತ ಮೊದಲು ನೋಡಬೇಕಾದ್ದು ಯಾವುದು?

ವಾಪಸ್ ಎಳೆತ. ಹಿಡಿಯನ್ನು ಹಿಂದಕ್ಕೆ ತರುವಾಗ ಪಾಲ್ ಹಲ್ಲಿನ ಮೇಲೆ ಜಾರುತ್ತದಲ್ಲ, ಆಗ ಎಷ್ಟು ತಡೆ ಇದೆ ಅನ್ನುವುದು. ಒಂದು ರ‍್ಯಾಚೆಟ್ ಇಷ್ಟವಾಗುವುದೋ ಬೇಸರ ತರಿಸುವುದೋ ಇದರ ಮೇಲೆ ನಿಂತಿದೆ.

ಯಾಕೆ ಅಂತ ನೋಡಿ. ಬೋಲ್ಟ್ ಬಿಗಿಯಾಗಿರುವಾಗ ಯಾವ ರ‍್ಯಾಚೆಟ್ ಆದರೂ ಸರಿಯಾಗಿಯೇ ಕೆಲಸ ಮಾಡುತ್ತದೆ. ಬೋಲ್ಟ್ ಒಂದೆರಡು ಸುತ್ತು ಸಡಿಲವಾದ ಮೇಲೆ ಕಷ್ಟ ಶುರು. ಈಗ ಥ್ರೆಡ್‌ನಲ್ಲಿ ಬಿಗಿಯೇ ಇಲ್ಲ. ರ‍್ಯಾಚೆಟ್ ಒಳಗಿನ ತಡೆ ಥ್ರೆಡ್‌ನ ತಡೆಗಿಂತ ಜಾಸ್ತಿಯಾದರೆ, ಹಿಡಿ ಹಿಂದೆ ತರುವಾಗ ಟಕ ಟಕ ಅನ್ನುವ ಬದಲು ಬೋಲ್ಟೇ ಹಿಡಿಯ ಜೊತೆ ಹಿಂದಕ್ಕೆ ಬರುತ್ತದೆ. ಬಿಚ್ಚಿದಷ್ಟನ್ನೂ ಮತ್ತೆ ಹಾಕಿದಂತೆ. ಆಗ ಇನ್ನೊಂದು ಕೈಯಿಂದ ಸಾಕೆಟ್ ಹಿಡಿದುಕೊಳ್ಳಬೇಕು. ಇಂಜಿನ್ ಹಿಂದುಗಡೆ, ಒಂದು ಕೈ ಮಾತ್ರ ತೂರುವ ಜಾಗದಲ್ಲಿ ಆ ಇನ್ನೊಂದು ಕೈ ಎಲ್ಲಿಂದ ತರೋದು?

ವಾಪಸ್ ಎಳೆತ ಕಡಿಮೆ ಇರುವ ರ‍್ಯಾಚೆಟ್ ಹಾಗಲ್ಲ. ಬೆರಳಿನಲ್ಲಿ ತಿರುಗಿಸಬಹುದಾದಷ್ಟು ಸಡಿಲ ಇರುವ ಬೋಲ್ಟ್ ಮೇಲೂ ಅದು ತನ್ನ ಪಾಡಿಗೆ ಜಾರುತ್ತದೆ. 120 ಹಲ್ಲಿದ್ದು ವಾಪಸ್ ಎಳೆತ ಜಾಸ್ತಿ ಇರುವ ಒಂದಕ್ಕಿಂತ, 72 ಹಲ್ಲಿದ್ದು ಹಗುರವಾಗಿ ಜಾರುವ ಇನ್ನೊಂದು ಕೆಲಸವನ್ನು ಬೇಗ ಮುಗಿಸುತ್ತದೆ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಎಳೆತ ಜಾಸ್ತಿಯಾಗಲು ಕಾರಣ ಮೂರು. ಸ್ಪ್ರಿಂಗ್ ಬೇಕಾದ್ದಕ್ಕಿಂತ ಬಿರುಸಾಗಿರುವುದು, ಹಲ್ಲಿನ ಮೈ ನಯವಾಗಿಲ್ಲದಿರುವುದು, ಒಳಗೆ ಗ್ರೀಸ್ ತುಂಬಿ ತುಳುಕುವುದು. ಮೂರನೆಯದನ್ನು ನಾವೇ ಸರಿ ಮಾಡಬಹುದು. ಮೊದಲೆರಡು ತಯಾರಿಕೆಯದು.

ಕೊಳ್ಳುವ ಮುಂಚೆ ಅದನ್ನು ಹೇಗೆ ಪರೀಕ್ಷಿಸುವುದು?

ಒಂದು ಸಾಕೆಟ್ ಹಾಕಿ. ಸಾಕೆಟ್ ಅನ್ನು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಮೆಲ್ಲಗೆ, ಬೀಳದಷ್ಟು ಮಾತ್ರ ಹಿಡಿಯಿರಿ. ಈಗ ಹಿಡಿಯನ್ನು ಹಿಂದೆ ಮುಂದೆ ಆಡಿಸಿ. ಸಾಕೆಟ್ ಬೆರಳಿನಲ್ಲೇ ನಿಂತು ಟಕ ಟಕ ಅಂದರೆ ಒಳ್ಳೆಯದು. ಬೆರಳಿಂದ ಜಾರಿ ಹಿಡಿಯ ಜೊತೆ ತಿರುಗಿದರೆ ಎಳೆತ ಜಾಸ್ತಿ. ಎರಡೂ ದಿಕ್ಕಿನಲ್ಲಿ ನೋಡಬೇಕು. ಬಿಚ್ಚುವ ಕಡೆ ನಯವಾಗಿದ್ದು ಹಾಕುವ ಕಡೆ ಒರಟಾಗಿರುವುದೂ ಇದೆ.

ಆಮೇಲೆ ಚೌಕವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ತಲೆಯೊಳಗೆ ಲೊಡ ಲೊಡ ಅಂದರೆ ಬೇಡ. ಲಿವರ್ ಅನ್ನು ಹಿಡಿ ಹಿಡಿದ ಕೈಯ ಹೆಬ್ಬೆರಳಿಂದಲೇ ಬದಲಿಸಲು ಆಗುತ್ತದಾ ನೋಡಿ. ಎಣ್ಣೆ ಹತ್ತಿದ ಗ್ಲೌಸ್ ಹಾಕಿಕೊಂಡಾಗಲೂ ಅದು ಆಗಬೇಕು. ಹಾಗಂತ ಸುಮ್ನೆ ತಗುಲಿದರೆ ದಿಕ್ಕು ಬದಲಾಗುವಷ್ಟು ಸಡಿಲವೂ ಇರಬಾರದು. ಹೋಸ್ ಪೈಪಿಗೋ ವೈರಿಗೋ ತಗುಲಿ ಲಿವರ್ ತಿರುಗಿದರೆ, ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಿರುತ್ತೀರಿ.

ಕೊನೆಗೆ ಶಬ್ದ ಕೇಳಿ. ಪ್ರತಿ ಟಕ್ ಒಂದೇ ತರಹ ಇರಬೇಕು. ನಡುವೆ ಒಂದು ಮಂಕಾಗಿ ಕೇಳಿದರೆ ಆ ಹಲ್ಲಿನಲ್ಲಿ ಏನೋ ಇದೆ.

ಹಿಡಿ ಎಷ್ಟು ಉದ್ದ ಇರಬೇಕು?

ಟಾರ್ಕ್ ಅಂದರೆ ಬಲ ಗುಣಿಸು ಉದ್ದ. ತಲೆಯ ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಹಿಡಿದು 300 ನ್ಯೂಟನ್, ಅಂದರೆ ಸುಮಾರು 30 ಕೆ.ಜಿ. ತೂಕದಷ್ಟು ಬಲದಲ್ಲಿ ಎಳೆದರೆ 60 ನ್ಯೂಟನ್ ಮೀಟರ್ ಆಗುತ್ತದೆ. ಅದೇ ಬಲಕ್ಕೆ 40 ಸೆಂ.ಮೀ. ಹಿಡಿಯಲ್ಲಿ 120.

ಈಗ ಇದನ್ನು ಬೋಲ್ಟ್‌ಗೆ ಹೋಲಿಸಿ. 8.8 ಅನ್ನುವ ಗಟ್ಟಿತನದ ದರ್ಜೆಯ ಎಂ6 ಬೋಲ್ಟ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಎಂ8ಕ್ಕೆ 25, ಎಂ10ಕ್ಕೆ 50ರ ಆಸುಪಾಸು. ಅಂದರೆ 20 ಸೆಂ.ಮೀ. ಹಿಡಿಯಿಂದ ಎಂ6 ಬಿಗಿ ಮಾಡಲು 5 ಕೆ.ಜಿ. ತೂಕದಷ್ಟು ಬಲವೇ ಸಾಕು. ಹಾಗಾಗಿ 3/8ರಲ್ಲಿ 18ರಿಂದ 22 ಸೆಂ.ಮೀ. ಉದ್ದ ನನಗೆ ಸರಿ ಅನ್ನಿಸುತ್ತದೆ. ಬಿಗಿ ಮಾಡುವಾಗ ಬಲ ಕೈಗೆ ತಿಳಿಯುತ್ತದೆ. ಎಂ10ರವರೆಗೆ ಬಿಚ್ಚಲು ಕಷ್ಟವೂ ಆಗುವುದಿಲ್ಲ.

ಉದ್ದ ಹಿಡಿಯದಕ್ಕೂ ಜಾಗ ಇದೆ. ಸಸ್ಪೆನ್ಷನ್ ಬೋಲ್ಟ್, ಇಂಜಿನ್ ಮೌಂಟ್ ತರಹದವಕ್ಕೆ ಅದು ಬೇಕು. ಆದರೆ ಹಿಡಿ ಉದ್ದವಾದಷ್ಟೂ ಒಂದು ಹಲ್ಲು ದಾಟಲು ಅದರ ತುದಿ ಜಾಸ್ತಿ ಆಡಬೇಕು. 72 ಹಲ್ಲಿನದೇ ಆದರೂ 40 ಸೆಂ.ಮೀ. ಹಿಡಿಯ ತುದಿಗೆ 35 ಮಿ.ಮೀ. ಬೇಕು. ಹಲ್ಲಿನಿಂದ ಗಳಿಸಿದ್ದೆಲ್ಲ ಉದ್ದದಲ್ಲಿ ಹೋಯಿತು. ಅದಕ್ಕೇ ಉದ್ದದ ರ‍್ಯಾಚೆಟ್ ಎರಡನೆಯದಾಗಿರಲಿ, ಮೊದಲನೆಯದಾಗಿ ಬೇಡ.

ಗಿಡ್ಡ ಹಿಡಿಯದು ಮೂರನೆಯದು. ಅದನ್ನು ಮರೆತುಬಿಡುವವರೇ ಜಾಸ್ತಿ. ಅಂಗೈಯಲ್ಲಿ ಅಡಗುವ 1/4 ಇಂಚಿನ ಗಿಡ್ಡ ರ‍್ಯಾಚೆಟ್ ಡ್ಯಾಶ್‌ಬೋರ್ಡ್ ಒಳಗೆ, ಕಾರ್ಬ್ಯುರೇಟರ್ ಕ್ಲ್ಯಾಂಪ್ ಹತ್ತಿರ ಮಾಡುವ ಕೆಲಸವನ್ನು ಬೇರೆ ಯಾವುದೂ ಮಾಡುವುದಿಲ್ಲ.

ಜಂಗು ಹಿಡಿದ ಬೋಲ್ಟ್ ಅನ್ನು ರ‍್ಯಾಚೆಟ್‌ನಲ್ಲೇ ಬಿಚ್ಚಬಹುದಾ?

ಬೇಡ. ಅದು ರ‍್ಯಾಚೆಟ್ ಕೆಲಸ ಅಲ್ಲ.

ಮೊದಲ ಬಿಗಿ ಒಡೆಯಲು ಬ್ರೇಕರ್ ಬಾರ್ ಇದೆ. ಅದರಲ್ಲಿ ಹಲ್ಲಿಲ್ಲ, ಪಾಲ್ ಇಲ್ಲ, ಸುಲಭವಾಗಿ ಒಡೆಯುವಂಥದ್ದು ಏನೂ ಇಲ್ಲ. ಬರೀ ಉದ್ದ ಕಂಬಿ ಮತ್ತು ಚೌಕ. ಬಿಗಿ ಬಿಟ್ಟ ಮೇಲೆ ಸರಸರನೆ ಬಿಚ್ಚಿ ತೆಗೆಯಲು ರ‍್ಯಾಚೆಟ್. ಎರಡೂ ಜೊತೆಯಲ್ಲಿದ್ದರೆ ರ‍್ಯಾಚೆಟ್ ದಶಕಗಟ್ಟಲೆ ಬಾಳುತ್ತದೆ.

ಹಿಡಿಗೆ ಪೈಪ್ ಸಿಕ್ಕಿಸಿ ಜಗ್ಗುವುದು ಅತಿ ಕೆಟ್ಟ ಅಭ್ಯಾಸ. ಪಾಲ್ ಒಮ್ಮೆಲೇ ಜಾರಿದರೆ ನಿಮ್ಮ ಇಡೀ ಮೈ ಬಲ ಗಾಳಿಗೆ ಹೋಗುತ್ತದೆ. ಕೈಬೆರಳ ಗೆಣ್ಣು ಎದುರಿಗಿರುವ ಕಬ್ಬಿಣಕ್ಕೆ ಬಡಿಯುತ್ತದೆ. ರ‍್ಯಾಚೆಟ್ ಅನ್ನು ಯಾವಾಗಲೂ ನಿಮ್ಮ ಕಡೆಗೆ ಎಳೆಯಿರಿ. ತಳ್ಳಲೇಬೇಕಾದರೆ ಮುಷ್ಟಿ ಕಟ್ಟದೆ ಅಂಗೈ ಬಿಚ್ಚಿ ತಳ್ಳಿ.

ಸುತ್ತಿಗೆಯಿಂದ ಹಿಡಿಗೆ ಹೊಡೆಯುವುದೂ ಅದೇ ಸಾಲಿಗೆ ಸೇರಿದ್ದು.

ತಲೆ ಬಾಗುವ ಫ್ಲೆಕ್ಸ್ ಹೆಡ್ ತಗೊಳ್ಳಲಾ?

ಎರಡನೇ ರ‍್ಯಾಚೆಟ್ ಆಗಿ ತಗೊಳ್ಳಿ, ಸಂತೋಷ ಪಡುತ್ತೀರಿ. ನೇರ ಹಿಡಿ ಹೋಗದ ಕಡೆ ಓರೆಯಾಗಿ ಹಿಡಿದು ತಿರುಗಿಸಬಹುದು. ಅಡ್ಡ ಬಂದ ಪೈಪ್, ಬ್ರಾಕೆಟ್ ಮೇಲಿಂದ ಹಿಡಿ ದಾಟಿಸಬಹುದು. ತಲೆಯನ್ನು 90 ಡಿಗ್ರಿ ಬಾಗಿಸಿ ಸ್ಕ್ರೂ ಡ್ರೈವರ್ ತರಹ ತಿರುಗಿಸಿ ಬೋಲ್ಟ್ ಬೇಗ ತೆಗೆಯಲೂಬಹುದು.

ತೊಂದರೆ ಇರುವುದು ಆ ಕೀಲಿನಲ್ಲಿ. ಬಲ ಹಾಕುವಾಗ ತಲೆ ಸುಮ್ಮನೆ ಮಡಚಿಕೊಳ್ಳಬಾರದು. ಕೀಲು ಸಡಿಲ ಇರುವ ಫ್ಲೆಕ್ಸ್ ಹೆಡ್ ಕೈಯಲ್ಲಿ ನಿಲ್ಲುವುದೇ ಇಲ್ಲ. ಕೀಲಿನ ಸ್ಕ್ರೂ ಬಿಗಿ ಮಾಡಿಕೊಳ್ಳಲು ಬರುವಂಥದ್ದನ್ನು ಆರಿಸಿ. ಕೆಲವಕ್ಕೆ ಲಾಕ್ ಇರುತ್ತದೆ. ವೆರಾ ಕಂಪನಿಯ ಝೈಕ್ಲೋಪ್ ಸ್ಪೀಡ್ ರ‍್ಯಾಚೆಟ್ ತಲೆ 0, 15 ಮತ್ತು 90 ಡಿಗ್ರಿಯಲ್ಲಿ ಲಾಕ್ ಆಗುತ್ತದೆ. ಅದು 72 ಹಲ್ಲಿನದು. ಒಂದೇ ಕೈಯಲ್ಲಿ ಕೆಲಸ ಮಾಡುವವರಿಗೆ ಲಾಕ್ ತುಂಬಾ ಅನುಕೂಲ. ಆದರೆ ಲಾಕ್ ಇದ್ದರೆ ತಲೆ ಅಷ್ಟು ದಪ್ಪ.

ದುಂಡು ತಲೆಯೋ, ಪೇರಳೆ ಆಕಾರದ್ದೋ?

ಪೇರಳೆ ಆಕಾರದ ತಲೆ ಹಿಡಿಯ ಕಡೆಗೆ ಕಿರಿದಾಗುತ್ತಾ ಹೋಗುತ್ತದೆ, ಇಕ್ಕಟ್ಟಿಗೆ ಚೆನ್ನಾಗಿ ಹೋಗುತ್ತದೆ. ಬಿಚ್ಚಿ ರಿಪೇರಿ ಮಾಡಲೂ ಸುಲಭ. ದುಂಡು ತಲೆಯಲ್ಲಿ ಲಿವರ್ ಬದಲು ಹಿಂದೆ ಒಂದು ಬಿಲ್ಲೆ ಇರುವುದು ಸಾಮಾನ್ಯ. ಅದು ಎಲ್ಲಿಗೂ ತಗುಲಿ ತಿರುಗುವುದಿಲ್ಲ. ಆದರೆ ಬದಲಿಸಲು ಎರಡು ಕೈ ಬೇಕಾಗುತ್ತದೆ. ನನಗೆ ಪೇರಳೆಯೇ ಇಷ್ಟ.

ಆಕಾರಕ್ಕಿಂತ ತಲೆಯ ದಪ್ಪ ಮುಖ್ಯ. ಬೋಲ್ಟ್ ಮುಂದೆ ಇರುವ ಜಾಗದಲ್ಲಿ ಸಾಕೆಟ್ ಮತ್ತು ತಲೆ ಎರಡೂ ಸೇರಿ ಹಿಡಿಸಬೇಕು. ಒಂದೆರಡು ಮಿ.ಮೀ. ಕಡಿಮೆಯಾದರೂ ರೇಡಿಯೇಟರ್ ಫ್ಯಾನ್ ಹಿಂದೆ ಕೆಲಸ ಆಗುವುದೋ ಇಲ್ಲವೋ ಅನ್ನುವುದು ಅಲ್ಲೇ ತೀರ್ಮಾನ.

ಸಾಕೆಟ್ ಬಿಡಿಸುವ ಬಟನ್ ಬೇಕಾ?

ಬೇಕು. ಎಣ್ಣೆ ಕೈಯಲ್ಲಿ ಸಾಕೆಟ್ ಕೀಳುವುದು ಎಷ್ಟು ಕಷ್ಟ ಅನ್ನುವುದು ಮಾಡಿದವರಿಗೆ ಗೊತ್ತು. ಬಟನ್ ಒತ್ತಿದರೆ ಚೌಕದಲ್ಲಿರುವ ಸಣ್ಣ ಗುಂಡು ಒಳಗೆ ಸರಿದು ಸಾಕೆಟ್ ತಾನೇ ಬಿಡುತ್ತದೆ. ಒತ್ತದೆ ಇದ್ದರೆ ಗಟ್ಟಿಯಾಗಿ ಕೂತಿರುತ್ತದೆ. ಎಂಜಿನ್ ಸಂದಿಯಲ್ಲಿ ಸಾಕೆಟ್ ಬಿದ್ದು ಹುಡುಕುವ ಪಾಡು ತಪ್ಪುತ್ತದೆ.

ಈ ಬಟನ್ ಹಿಂದೆ ಒಂದು ದೊಡ್ಡ ಕೇಸಿನ ಕಥೆ ಇದೆ. ಅಮೆರಿಕದಲ್ಲಿ ಸಿಯರ್ಸ್ ಮಳಿಗೆಯಲ್ಲಿ ಕೆಲಸಕ್ಕಿದ್ದ ಪೀಟರ್ ರಾಬರ್ಟ್ಸ್ ಅನ್ನುವ ಹುಡುಗ ಇನ್ನೂ ಹದಿಹರೆಯದಲ್ಲಿದ್ದಾಗ ಇಂಥ ಒಂದು ರ‍್ಯಾಚೆಟ್ ಮಾಡಿದ. 1965ರಲ್ಲಿ ಪೇಟೆಂಟ್ ಸಿಕ್ಕಿತು. ಹಕ್ಕನ್ನು ಸಿಯರ್ಸ್‌ಗೆ ಕೊಟ್ಟಾಗ ಬಂದದ್ದು 10,000 ಡಾಲರ್. ಅದಕ್ಕೆ ಅಂಥ ಬೆಲೆಯೇನಿಲ್ಲ ಅಂತ ನಂಬಿಸಿ ಕೊಂಡರು ಅನ್ನುವುದು ಅವನ ದೂರು. ಆಮೇಲೆ ಆ ರ‍್ಯಾಚೆಟ್ ಲಕ್ಷಗಟ್ಟಲೆ ಮಾರಾಟವಾಯಿತು. ರಾಬರ್ಟ್ಸ್ ಕೋರ್ಟಿಗೆ ಹೋದರು. ವರ್ಷಗಟ್ಟಲೆ ನಡೆದ ಜಗಳ 1989ರಲ್ಲಿ 82 ಲಕ್ಷ ಡಾಲರ್‌ಗೆ ರಾಜಿಯಾಯಿತು. ಬೆರಳ ತುದಿಯಷ್ಟು ಬಟನ್ ಕೆಲಸ ಮಾಡುವವರಿಗೆ ಎಷ್ಟು ಬೇಕಾಗಿತ್ತು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ ಅಲ್ವಾ?

ಹಿಡಿ ಬರೀ ಉಕ್ಕಿನದ್ದು ಒಳ್ಳೆಯದೋ, ರಬ್ಬರ್ ಇರುವುದೋ?

ರಬ್ಬರ್ ಅಥವಾ ಪ್ಲಾಸ್ಟಿಕ್ ಹಿಡಿ ಕೈಗೆ ಹಿತ. ಚಳಿಯಲ್ಲಿ ತಣ್ಣಗೆ ಕೊರೆಯುವುದಿಲ್ಲ. ಆದರೆ ಪೆಟ್ರೋಲ್, ಬ್ರೇಕ್ ಆಯಿಲ್, ಕ್ಲೀನರ್‌ಗಳು ಕೆಲವು ರಬ್ಬರನ್ನು ತಿನ್ನುತ್ತವೆ. ಅಂಟಂಟಾಗಿ ಕೊನೆಗೆ ಹಿಡಿ ತಿರುಗಲು ಶುರುವಾಗುತ್ತದೆ. ಬರೀ ಉಕ್ಕಿನದನ್ನು ಒಂದು ಬಟ್ಟೆಯಲ್ಲಿ ಒರೆಸಿದರೆ ಸಾಕು. ಇಕ್ಕಟ್ಟಿಗೂ ಸಣ್ಣಗಿರುತ್ತದೆ. ಗ್ಯಾರೇಜ್ ಕೆಲಸಕ್ಕೆ ಉಕ್ಕು, ಅಪರೂಪಕ್ಕೆ ಮನೆಯಲ್ಲಿ ಬಳಸಲು ಯಾವುದಾದರೂ ಆಗಬಹುದು.

ಕ್ರೋಮ್ ಲೇಪ ಎದ್ದ ಹಿಡಿಯನ್ನು ಮಾತ್ರ ಬಳಸಬೇಡಿ. ಎದ್ದ ಸಿಪ್ಪೆ ಬ್ಲೇಡಿನಂತೆ ಕೈ ಕೊಯ್ಯುತ್ತದೆ.

ರಿಂಗ್ ಸ್ಪ್ಯಾನರ್‌ನಲ್ಲೇ ರ‍್ಯಾಚೆಟ್ ಇರುತ್ತದಲ್ಲ, ಅದು ಸಾಲದಾ?

ಅದು ಬೇರೆ, ಇದು ಬೇರೆ. ರ‍್ಯಾಚೆಟ್ ರಿಂಗ್ ಸ್ಪ್ಯಾನರ್ ತೆಳ್ಳಗಿರುತ್ತದೆ. ಸಾಕೆಟ್ ಎತ್ತರ ಹಿಡಿಸದ ಕಡೆ ಅದೇ ಗತಿ. ಉದ್ದದ ಸ್ಟಡ್ (ತಲೆಯಿಲ್ಲದ ಬೋಲ್ಟ್) ಮೇಲಿನ ನಟ್‌ಗೂ ಅದು ಚೆನ್ನಾಗಿ ಒಗ್ಗುತ್ತದೆ, ಸ್ಟಡ್ ಅದರೊಳಗಿಂದ ಹಾದು ಹೋಗುತ್ತದೆ.

ಒಂದು ಎಚ್ಚರಿಕೆ. ಲಿವರ್ ಇಲ್ಲದ, ಮಗುಚಿ ಹಾಕಿ ದಿಕ್ಕು ಬದಲಿಸುವ ಸ್ಪ್ಯಾನರ್‌ನಲ್ಲಿ ಬೋಲ್ಟ್ ಬಿಚ್ಚುತ್ತಾ ಹೋದಂತೆ ಬೋಲ್ಟ್ ತಲೆ ಹೊರಗೆ ಬರುತ್ತದೆ. ಎದುರಿಗೆ ಗೋಡೆಯಂತೆ ಏನಾದರೂ ಇದ್ದರೆ ಸ್ಪ್ಯಾನರ್ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಹೊರಗೂ ಬರುವುದಿಲ್ಲ, ದಿಕ್ಕು ಬದಲಿಸಿ ವಾಪಸ್ ಬಿಗಿ ಮಾಡಲೂ ಆಗುವುದಿಲ್ಲ. ಲಿವರ್ ಇರುವುದನ್ನೇ ಕೊಳ್ಳಿ.

ಬ್ಯಾಟರಿ ರ‍್ಯಾಚೆಟ್ ಬಂದ ಮೇಲೆ ಕೈಯದು ಯಾಕೆ?

ಬ್ಯಾಟರಿಯದು ಸಡಿಲವಾದ ಬೋಲ್ಟ್ ಬಿಚ್ಚಲು ತುಂಬಾ ಚುರುಕು. ಆದರೆ ತಲೆ ದಪ್ಪ, ತೂಕ ಜಾಸ್ತಿ. ಕೊನೆಯ ಬಿಗಿ ಕೈಗೆ ತಿಳಿಯುವುದಿಲ್ಲ. ಎರಡೂ ಇರಲಿ, ಮೊದಲು ಕೈಯದು ಇರಲಿ.

ಟಾರ್ಕ್ ರೆಂಚ್ ಇದೆ. ಅದನ್ನೇ ರ‍್ಯಾಚೆಟ್ ತರಹ ಬಳಸಬಹುದಾ?

ಬೇಡ. ಅದು ಅಳತೆಯ ಸಾಧನ. ಬಿಗಿ ಬಿಚ್ಚಲು ಬಳಸಿದರೆ ಅಳತೆ ಕೆಡುತ್ತದೆ. ಕಾರಿನ ಚಕ್ರದ ನಟ್‌ಗಳಿಗೆ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು ಟಾರ್ಕ್ ಹೇಳಿರುತ್ತಾರೆ. ಅಂಥ ಕಡೆ ಅಳತೆ ತಪ್ಪಬಾರದು. ರ‍್ಯಾಚೆಟ್‌ನಲ್ಲಿ ಓಡಿಸಿ, ಕೊನೆಯ ಬಿಗಿಯನ್ನು ಟಾರ್ಕ್ ರೆಂಚ್‌ನಲ್ಲಿ ಮಾಡಿ. ಗಾಡಿಯ ಕೈಪಿಡಿಯಲ್ಲಿರುವ ಸಂಖ್ಯೆಯನ್ನೇ ಹಿಡಿಯಿರಿ.

ಹಾಗೇ ಬೋಲ್ಟ್ ಹಾಕುವಾಗ ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ಹಾಕಬೇಕು. ರ‍್ಯಾಚೆಟ್‌ನಿಂದಲೇ ಶುರು ಮಾಡಿದರೆ ಥ್ರೆಡ್ ಓರೆ ಹತ್ತಿದ್ದು ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂ ಭಾಗವಾಗಿದ್ದರೆ ಥ್ರೆಡ್ ಹೋಗಿಯೇ ಬಿಡುತ್ತದೆ.

ಎಲೆಕ್ಟ್ರಿಕ್, ಹೈಬ್ರಿಡ್ ಗಾಡಿಗಳಿಗೆ ಇದೇ ರ‍್ಯಾಚೆಟ್ ನಡೆಯುತ್ತದಾ?

ಹೈ ವೋಲ್ಟೇಜ್ ಭಾಗಗಳ ಹತ್ತಿರ ಖಂಡಿತ ಬೇಡ. ಅದಕ್ಕೆ ಐಇಸಿ 60900 ಗುಣಮಟ್ಟದ, 1000 ವೋಲ್ಟ್ ಗುರುತು ಇರುವ ಇನ್ಸುಲೇಟೆಡ್ ರ‍್ಯಾಚೆಟ್ ಬೇಕು. ಸಾಮಾನ್ಯ ರ‍್ಯಾಚೆಟ್‌ನ ರಬ್ಬರ್ ಹಿಡಿ ಕರೆಂಟಿನಿಂದ ಕಾಪಾಡುವುದಿಲ್ಲ. ಆ ಕೆಲಸಕ್ಕೆ ತರಬೇತಿಯೂ ಬೇಕು, ಸಲಕರಣೆ ಇದ್ದ ಮಾತ್ರಕ್ಕೆ ಕೈ ಹಾಕಬಾರದು.

ಯಾವ ಕಂಪನಿಯದು ಕೊಳ್ಳಲಿ?

ಹೆಸರಿಗಿಂತ ಮೇಲೆ ಹೇಳಿದ ಬೆರಳ ಪರೀಕ್ಷೆಯನ್ನು ನಾನು ನಂಬುತ್ತೇನೆ. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ. ಸ್ನ್ಯಾಪ್-ಆನ್‌ನ 80 ಹಲ್ಲಿನದು, ಜಪಾನಿನ ಕೆಟಿಸಿ ಕಂಪನಿಯ ನೆಪ್ರೋಸ್ 90 ಹಲ್ಲಿನದು, ಕೋಕೆನ್, ಜರ್ಮನಿಯ ಸ್ಟಾಲ್‌ವಿಲ್ಲೆ, ಹಾಝೆಟ್, ವೆರಾ ಇವೆಲ್ಲ ವೃತ್ತಿಯವರು ಮೆಚ್ಚಿ ಬಳಸುವಂಥವು. ಜಪಾನಿನವು ತೆಳ್ಳಗೆ, ನಯ. ಜರ್ಮನಿಯವು ಸ್ವಲ್ಪ ದಪ್ಪ, ಗಟ್ಟಿಮುಟ್ಟು. ಇದು ನನ್ನ ಕೈಯ ಅಭಿಪ್ರಾಯ, ನಿಮ್ಮ ಕೈ ಬೇರೆ ಹೇಳಬಹುದು.

ಕೊಳ್ಳುವ ಮುಂಚೆ ಇನ್ನೊಂದು ಕೇಳಿ: ಒಳಗಿನ ಚಕ್ರ, ಪಾಲ್, ಸ್ಪ್ರಿಂಗ್ ಸೇರಿದ ರಿಪೇರಿ ಕಿಟ್ ಸಿಗುತ್ತದಾ? ಸಿಗುವುದಾದರೆ ಮಧ್ಯಮ ಬೆಲೆಯ ರ‍್ಯಾಚೆಟ್ ಕೂಡ ಬಹಳ ಕಾಲ ಜೊತೆಗಿರುತ್ತದೆ. ಸಿಗದಿದ್ದರೆ ದುಬಾರಿಯದೂ ಒಂದು ದಿನ ಬರೀ ಕಬ್ಬಿಣದ ತುಂಡು.

ರ‍್ಯಾಚೆಟ್ ಸ್ಲಿಪ್ ಆಗುತ್ತಿದೆ. ಬಿಸಾಡಬೇಕಾ?

ತಡೆಯಿರಿ. ಮೊದಲು ಬಿಚ್ಚಿ ನೋಡಿ. ಸ್ಲಿಪ್ ಆಗುವುದಕ್ಕೆ ಹೆಚ್ಚಾಗಿ ಕಾರಣ ಒಳಗೆ ಕೂತ ಕೊಳೆ ಮತ್ತು ಗಟ್ಟಿಯಾದ ಗ್ರೀಸ್. ಪಾಲ್ ಹಲ್ಲಿನ ಬುಡದವರೆಗೆ ಇಳಿಯದೆ ತುದಿಯಲ್ಲೇ ನಿಲ್ಲುತ್ತದೆ. ಬಲ ಬಿದ್ದಾಗ ಜಾರುತ್ತದೆ. ಹಾಗೇ ಬಳಸುತ್ತಾ ಹೋದರೆ ಹಲ್ಲಿನ ತುದಿ ಸವೆದು ನಿಜವಾಗಿಯೂ ಹಾಳಾಗುತ್ತದೆ.

ಬಿಚ್ಚುವುದು ಕಷ್ಟವಲ್ಲ. ಪೇರಳೆ ತಲೆಯಲ್ಲಿ ಎರಡು ಸ್ಕ್ರೂ ಇರುತ್ತವೆ, ದುಂಡು ತಲೆಯಲ್ಲಿ ಸರ್ಕ್ಲಿಪ್ (ಗಾಡಿಯಲ್ಲಿ ಕೂರುವ ಸ್ಪ್ರಿಂಗ್ ಬಳೆ) ಇರುವುದು ಜಾಸ್ತಿ. ಮುಚ್ಚಳ ತೆಗೆಯುವಾಗ ಒಂದು ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ತೆಗೆಯಿರಿ. ಸಣ್ಣ ಸ್ಪ್ರಿಂಗ್ ಮತ್ತು ಗುಂಡು ಹಾರಿದರೆ ಚೀಲದಲ್ಲೇ ಸಿಗುತ್ತವೆ. ಯಾವುದು ಎಲ್ಲಿತ್ತು, ಪಾಲ್ ಯಾವ ಮುಖ ಮೇಲಿತ್ತು ಅಂತ ಫೋಟೊ ತೆಗೆದುಕೊಳ್ಳಿ.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ. ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ತುದಿ ಚೂಪಾಗಿದ್ದರೆ ಸರಿ. ದುಂಡಾಗಿದ್ದರೆ, ಇಲ್ಲವೇ ಒಂದು ಹಲ್ಲು ಚೂರಾಗಿದ್ದರೂ ಚಕ್ರ ಮತ್ತು ಪಾಲ್ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ತಿನ್ನುತ್ತದೆ. ಅರದಿಂದ ಉಜ್ಜಿ ಹಲ್ಲು ಚೂಪು ಮಾಡುವ ಪ್ರಯತ್ನ ಬೇಡ, ಮೇಲ್ಮೈಯ ಗಟ್ಟಿತನ ಹೋಗುತ್ತದೆ.

ಈಗ ಗ್ರೀಸ್. ಇಲ್ಲಿ ಕೈ ಬಿಗಿ ಹಿಡಿಯಬೇಕು. ತೆಳು ಗ್ರೀಸ್, ಅದೂ ಹಲ್ಲಿನ ಮೇಲೆ ಒಂದು ಪೊರೆಯಷ್ಟು ಸಾಕು. ಬೇರಿಂಗ್‌ಗೆ ತುಂಬುವ ದಪ್ಪ ಗ್ರೀಸ್ ತುಂಬಿದರೆ ಪಾಲ್ ನಿಧಾನವಾಗುತ್ತದೆ, ವಾಪಸ್ ಎಳೆತ ಜಾಸ್ತಿಯಾಗುತ್ತದೆ, ಸಣ್ಣ ಹಲ್ಲಿನದಾದರೆ ಮತ್ತೆ ಸ್ಲಿಪ್ ಆಗುತ್ತದೆ. ಸಣ್ಣ ಹಲ್ಲಿನವು ಕೊಳೆಯನ್ನು ಒರಟು ಹಲ್ಲಿನಷ್ಟು ಸಹಿಸುವುದಿಲ್ಲ. ಧೂಳು ಮಣ್ಣಿನಲ್ಲೇ ಕೆಲಸ ಮಾಡುವವರು ಇದನ್ನು ಲೆಕ್ಕಕ್ಕೆ ತಗೊಳ್ಳಬೇಕು. ಅವರಿಗೆ ಹಲ್ಲು ಕಡಿಮೆ ಇರುವ ರ‍್ಯಾಚೆಟ್ ಜಾಸ್ತಿ ನಂಬಿಕೆಯದು.

ಮುಚ್ಚಿದ ಮೇಲೆ ಮತ್ತೊಮ್ಮೆ ಬೆರಳ ಪರೀಕ್ಷೆ ಮಾಡಿ. ಎರಡೂ ದಿಕ್ಕಿನಲ್ಲಿ ನಯವಾಗಿ ಜಾರಿದರೆ, ಮೊದಲು ಒಂದು ಸಾಧಾರಣ ಬಿಗಿಯ ಬೋಲ್ಟ್ ಮೇಲೆ ಬಲ ಹಾಕಿ ನೋಡಿ. ಅಲ್ಲಿ ಜಾರದೆ ಹಿಡಿದರೆ ಕೆಲಸಕ್ಕೆ ತಗೊಳ್ಳಬಹುದು. ಹೊಸ ಚಕ್ರ ಮತ್ತು ಪಾಲ್ ಹಾಕಿದ ಮೇಲೂ ಜಾರಿದರೆ ತಲೆಯ ಒಳಮೈಯೇ ಅಗಲವಾಗಿದೆ ಅಂತ ಅರ್ಥ. ಆಗ ಅದನ್ನು ಪೆಟ್ಟಿಗೆಯಿಂದ ತೆಗೆದುಬಿಡಿ, ಗೊತ್ತಿಲ್ಲದ ಇನ್ನೊಬ್ಬರ ಕೈಗೆ ಸಿಗುವಂತೆಯೂ ಇಡಬೇಡಿ.